ಬೂದಿ ಮುಚ್ಚಿದ ಕೆಂಡ: ಹೈದರಾಬಾದಿನ ಅಗ್ನಿ ಅನಾಹುತಗಳ ಒಂದು ವಿವೇಚನೆ

1

ಕನ್ನಡದ ನಿತ್ಯವ್ಯವಹಾರದಲ್ಲಿ ಬೇರೂರಿರುವ ಅರಬ್ಬಿ ಮೂಲದ ಶಬ್ದಗಳಲ್ಲಿ ‘ಮಾಮೂಲು’ ಎಂಬುದೂ ಒಂದು. ‘ಆಚರಣೆಯಲ್ಲಿರುವುದು’ ಎಂಬ ಮೂಲಾರ್ಥವುಳ್ಳ ಈ ಪದವು ಪಾರಸಿ, ಉರ್ದು ಭಾಷೆಗಳ ಮೂಲಕ ದಖ್ಖನಿಗೆ ಬಂದು, ಹೈದರಾಬಾದಿನ ಬೀದಿಗಳಲ್ಲಿಯೂ ಕಲಬುರ್ಗಿಯ ಕಚೇರಿಗಳಲ್ಲಿಯೂ ಸಮಾನವಾಗಿ ನೆಲೆಗೊಂಡಿತು. ನಮ್ಮಲ್ಲಿ ಅದಕ್ಕೆ ಎರಡು ಅರ್ಥಗಳುಂಟು. ದಿನವೂ ನಡೆಯತಕ್ಕದ್ದು ಎಂಬುದು ಒಂದು. ಕಂಡುದನ್ನು ಕಾಣದಂತಿರುವುದಕ್ಕಾಗಿ ಸಲ್ಲಿಸುವ ಕಾಣಿಕೆ ಎಂಬುದು ಇನ್ನೊಂದು. ಅಗ್ನಿ ಅನಾಹುತಗಳ ಚರಿತ್ರೆಯನ್ನು ಪರಿಶೀಲಿಸುವವನಿಗೆ ಈ ಎರಡು ಅರ್ಥಗಳು ಒಂದಕ್ಕೊಂದು ಬಹಳ ದೂರದವಲ್ಲವೆಂದು ತೋರದಿರದು. ಎರಡರಲ್ಲಿಯೂ ನಡೆಯುವುದು ಒಂದೇ: ಕಣ್ಣೆದುರಿಗಿರುವುದನ್ನು ನೋಡದೆ ಮುಂದೆ ಸಾಗುವುದು.

ಅಗ್ನಿಶಾಮಕ ದಳದವರಿಗೆ ಬರುವ ಕರೆಗಳಲ್ಲಿ ಬಹುಪಾಲು ಮಾಮೂಲಿನವು. ಕಸದ ರಾಶಿ ಹೊತ್ತಿತು, ಅಂಗಡಿಯ ತಂತಿ ಸುಟ್ಟಿತು, ಅಡುಗೆಮನೆಯಲ್ಲಿ ಹೊಗೆ ತುಂಬಿತು. ದಳವು ಹೋಗುತ್ತದೆ, ನೀರು ಬಿಡುತ್ತದೆ, ಮರಳುತ್ತದೆ. ನೂರು ಸಲ ಹೀಗೆ ನಡೆದ ಮೇಲೆ ನೂರೊಂದನೆಯ ಸಲವೂ ಹೀಗೆಯೇ ನಡೆಯುವುದೆಂಬ ನಂಬಿಕೆ ಮನುಷ್ಯಸಹಜ. ಆದರೆ ಅನಾಹುತವು ‘ನಾನು ಅನಾಹುತ’ ಎಂದು ಹೇಳಿಕೊಂಡು ಬರುವುದಿಲ್ಲ. ಅದೂ ಮಾಮೂಲಿನ ವೇಷದಲ್ಲಿಯೇ ಬರುತ್ತದೆ.

2022ರ ಮಾರ್ಚಿಯಿಂದ 2025ರ ಮೇ ತಿಂಗಳವರೆಗಿನ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಹೈದರಾಬಾದು ಮತ್ತು ಸಿಕಂದರಾಬಾದುಗಳಲ್ಲಿ ಸಂಭವಿಸಿದ ಆರು ಬೆಂಕಿಗಳಲ್ಲಿ 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಈ ಆರನ್ನೂ ಒಂದೆಡೆ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೊಂದದ್ದು ಬೆಂಕಿಯ ದೊಡ್ಡತನಕ್ಕಿಂತ ಹೆಚ್ಚಾಗಿ, ಕಟ್ಟಡದ ಹೆಸರಿಗೂ ಅದರ ನಿಜವಾದ ಬಳಕೆಗೂ ನಡುವೆ ಬಿದ್ದಿದ್ದ ಅಂತರ. ಈ ಅಂತರವು ಇಂದಿನದಲ್ಲ. ದಖ್ಖನಿನ ಚರಿತ್ರೆಯಲ್ಲಿ ಅದಕ್ಕೆ ಹಳೆಯ ನಿದರ್ಶನಗಳಿವೆ. ಅವನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಮಹಾಭಾರತದ ಅರಗಿನ ಮನೆಯ ಪ್ರಸಂಗವನ್ನು ನಾವು ದುರ್ಯೋಧನನ ಕುಟಿಲತೆಗೆ ದೃಷ್ಟಾಂತವಾಗಿ ಓದುವುದು ರೂಢಿ. ಬೆಂಕಿಯ ದೃಷ್ಟಿಯಿಂದ ಓದಿದರೆ ಅದರಲ್ಲಿ ಬೇರೊಂದು ತಾತ್ಪರ್ಯವೂ ಹೊಳೆಯುತ್ತದೆ. ವಾರಣಾವತದ ಆ ಕಟ್ಟಡವು ಹೆಸರಿಗೆ ರಾಜಭವನ; ಅದರೊಳಗಿನ ದ್ರವ್ಯ ಅರಗು, ತುಪ್ಪ, ಎಣ್ಣೆ, ಸಣಬು, ರಾಳ. ಧರ್ಮರಾಯನು ವಿದುರನ ಗೂಢವಾದ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯನ್ನು ಹೊಕ್ಕವನು, ಗೋಡೆಯ ಅಂದಕ್ಕೆ ಮರುಳಾಗದೆ, ಅರಗು ತುಪ್ಪಗಳ ವಾಸನೆಯನ್ನು ಗುರುತಿಸಿ ತಮ್ಮನಿಗೆ ತಿಳಿಸಿದನು. ಎರಡನೆಯದಾಗಿ, ಹೊರಬೀಳುವುದಕ್ಕೆ ಇನ್ನೊಂದು ದಾರಿಯನ್ನು ಬೆಂಕಿ ಬೀಳುವ ಮೊದಲೇ ತೋಡಿಸಲಾಯಿತು. ಈ ಎರಡು ಕಾರಣಗಳಿಂದ ಪಾಂಡವರು ಉಳಿದರು.

ಆದರೆ ಅಂದಿನ ರಾತ್ರಿ ಆ ಮನೆಯಲ್ಲಿ ನಿಷಾದ ಸ್ತ್ರೀಯೊಬ್ಬಳೂ ಅವಳ ಐವರು ಮಕ್ಕಳೂ ಮಲಗಿದ್ದರು. ಊಟಕ್ಕೆ ಬಂದವರು ಅಲ್ಲಿಯೇ ನಿದ್ರೆಹೋದರು. ಅವರು ಅಲ್ಲಿರುವರೆಂಬುದು ಊರಿಗೆ ತಿಳಿಯದು. ಬೆಳಗಾದ ಮೇಲೆ ಬೂದಿಯನ್ನು ಕೆದಕಿದ ಪುರಜನರು ಸಿಕ್ಕಿದ ದೇಹಗಳನ್ನು ಕುಂತಿಯವು, ಪಾಂಡವರವು ಎಂದು ತಿಳಿದರು. ಸತ್ತವರಿಗೆ ಅವರವರ ಹೆಸರು ಕೂಡ ದೊರೆಯಲಿಲ್ಲ. ಮನೆಯೊಳಗೆ ಏನಿದೆ ಎಂಬುದರ ಜೊತೆಗೆ ಯಾರಿದ್ದಾರೆ ಎಂಬುದೂ ತಿಳಿಯದಿದ್ದರೆ ಏನಾಗುವುದೆಂಬುದನ್ನು ಕವಿಯು ಇಲ್ಲಿ ಕಾಣಿಸಿದ್ದಾನೆ. ಈ ಆರು ಮಂದಿಯನ್ನು ವಾಚಕರು ಮುಂದಿನ ಭಾಗಗಳಲ್ಲಿ ನೆನಪಿಡಬೇಕೆಂದು ಕೋರುತ್ತೇನೆ.

ಕಾವ್ಯವು ಕಂಡುದನ್ನು ಶಾಸ್ತ್ರವು ವಿಧಿಯಾಗಿ ಬರೆದಿಟ್ಟಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನ, ಎಂದರೆ ನಗರಾಧಿಕಾರಿಯ, ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಪ್ರತಿಯೊಬ್ಬ ಗೃಹಸ್ಥನೂ ನೀರಿನ ಕೊಡಗಳು, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಬೆಂಕಿ ಬಿದ್ದಾಗ ಓಡಿಬಂದು ನೆರವಾಗದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ಬೆಂಕಿಯಿಂದ ಜೀವಿಸುವ ಕಮ್ಮಾರರು ಮೊದಲಾದವರು ಒಂದೇ ಕಡೆ ನೆಲೆಸತಕ್ಕದ್ದು.

ಇದನ್ನು ಅನೇಕರು ಎತ್ತಿ ಹೇಳುತ್ತಾರೆ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಅದೇ ಪ್ರಕರಣದ ಇನ್ನೊಂದು ಭಾಗ ಹೆಚ್ಚು ಮುಖ್ಯವಾದುದು. ನಾಗರಿಕನ ಕೈಕೆಳಗಿನ ಗೋಪನೆಂಬ ಅಧಿಕಾರಿಯು ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳ ಲೆಕ್ಕವನ್ನು ಇಟ್ಟಿರಬೇಕು. ಆ ಮನೆಗಳ ಸ್ತ್ರೀಪುರುಷರ ಹೆಸರು, ಕಸಬು, ಆಯವ್ಯಯಗಳು ಅವನಿಗೆ ತಿಳಿದಿರಬೇಕು. ಮನೆಯೊಡೆಯರು ಬಂದುಹೋಗುವವರ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಬೇಕು. ಕುಶಲಕರ್ಮಿಗಳು ತಮ್ಮ ಕಸಬಿನವರನ್ನು ತಮ್ಮ ಕೆಲಸದ ಸ್ಥಳಗಳಲ್ಲಿಯೇ ಇಳಿಸಿಕೊಳ್ಳಬಹುದು, ಆದರೆ ಅದರ ಹೊಣೆ ಅವರದು. ಕೆಲಸದ ಕೊಟ್ಟಿಗೆಯಲ್ಲಿಯೇ ಕೂಲಿಯವನು ಮಲಗುವ ಪದ್ಧತಿ ಅಷ್ಟು ಪುರಾತನವಾದುದು. ಹಾಗೆ ಮಲಗುವವನ ಅರಿವು ಅಧಿಕಾರಿಗೆ ಇರಬೇಕೆಂಬ ವಿವೇಕವೂ ಅಷ್ಟೇ ಪುರಾತನವಾದುದು. ಈ ಲೆಕ್ಕಾಚಾರದ ಹಿಂದೆ ತೆರಿಗೆ, ಗೂಢಚರ್ಯೆಗಳ ಉದ್ದೇಶವೂ ಇದ್ದಿತೆಂಬುದನ್ನು ಮರೆಯಬೇಕಾಗಿಲ್ಲ. ಅದೇನೇ ಇರಲಿ, ಯಾವ ಮನೆಯಲ್ಲಿ ಏನು ನಡೆಯುತ್ತದೆ, ಯಾರು ಇರುತ್ತಾರೆ ಎಂಬುದು ಬೆಂಕಿ ಬೀಳುವ ಮೊದಲೇ ಊರಿಗೆ ತಿಳಿದಿರತಕ್ಕದ್ದೆಂಬುದು ಇಲ್ಲಿಯ ಸಾರ.

3

ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಒಂದಾಗಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೀದರು, ಈ ವಿವೇಕವನ್ನು ಮರೆತುದರ ಫಲವನ್ನು ಎರಡು ಸಲ ಉಂಡಿತು.

1657ರಲ್ಲಿ ಔರಂಗಜೇಬನು ಬೀದರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯ ರಕ್ಷಕನಾಗಿದ್ದವನು ಸಿದ್ದಿ ಮರ್ಜಾನನು. ಮುತ್ತಿಗೆಯವರು ಹಾರಿಸಿದ ಬಾಣದ ಕಿಡಿಯೊಂದು ಬುರುಜಿನ ಬಳಿ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿದ್ದು ಅದು ಸಿಡಿಯಿತು. ಮರ್ಜಾನನೂ ಅವನ ಮಕ್ಕಳೂ ಭೀಕರವಾಗಿ ಸುಟ್ಟುಹೋದರು. ಕೋಟೆಯು ಮೊಗಲರ ವಶವಾಯಿತು. ಭದ್ರವಾದ ಗೋಡೆ, ಆಳವಾದ ಕಂದಕಗಳಿದ್ದರೂ ಕೋಟೆ ಉಳಿಯಲಿಲ್ಲ. ಸೋಲನ್ನು ಬೇಗ ತಂದುದು ಒಳಗೆ ತಾವೇ ಕೂಡಿಟ್ಟುಕೊಂಡಿದ್ದ ಮದ್ದು.

ಎರಡನೆಯದು ಇನ್ನೂ ಮನಮುಟ್ಟುವಂಥದು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನ ಭವ್ಯಮಂದಿರ. ಗ್ರಂಥಭಂಡಾರ, ಪಾಠದ ಕೋಣೆಗಳು, ಗುರುಶಿಷ್ಯರ ವಸತಿ ಎಲ್ಲವೂ ಅದರಲ್ಲಿದ್ದವು. ಮೊಗಲರ ಆಳ್ವಿಕೆಯಲ್ಲಿ ಅದರ ಒಂದು ಭಾಗವು ಕುದುರೆಯ ದಂಡಿನ ಬೀಡಾಯಿತು. ಮೀನಾರಿನ ಪಕ್ಕದ ಕೋಣೆಗಳಲ್ಲಿ ಕೋವಿಮದ್ದನ್ನು ತುಂಬಿದರು. 1696ರ ಸುಮಾರಿಗೆ ನಡೆದ ಆಸ್ಫೋಟದಲ್ಲಿ ಎರಡು ಮೀನಾರುಗಳಲ್ಲೊಂದೂ ಮುಂಭಾಗದ ಬಹುಪಾಲೂ ನೆಲಕ್ಕುರುಳಿದವು. ಸಿಡಿಲು ಬಡಿದುದೇ ಕಾರಣವೆಂದು ಕೆಲವರು, ಮದ್ದು ತಾನಾಗಿ ಹೊತ್ತಿಕೊಂಡಿತೆಂದು ಕೆಲವರು. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಮೇಲಣ ಬೃಹದ್ಗ್ರಂಥದಲ್ಲಿ ಈ ಕಟ್ಟಡದ ಚರಿತ್ರೆ ವಿಸ್ತಾರವಾಗಿ ಬಂದಿದೆ.

ಕಾರಣ ಯಾವುದೇ ಇರಲಿ, ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಟ್ಟಡದ ಬಳಕೆ ಬದಲಾಯಿತು, ಹೆಸರು ಬದಲಾಗಲಿಲ್ಲ. ಮದ್ದಿನ ಮನೆಯಾದ ಮೇಲೆಯೂ ಜನರ ಬಾಯಲ್ಲಿ ಅದು ಮದರಸಾ ಆಗಿಯೇ ಉಳಿಯಿತು, ಇಂದಿಗೂ ಹಾಗೆಯೇ ಉಳಿದಿದೆ. ಆ ದಿನ ಅಲ್ಲಿ ಸಣ್ಣ ಹೊಗೆಯೊಂದನ್ನು ಕಂಡು ಕೊಡ ಹೊತ್ತು ಓಡಿಬಂದವನು ತಾನು ಪಾಠಶಾಲೆಗೆ ಹೋಗುತ್ತಿರುವೆನೆಂದೇ ಭಾವಿಸುತ್ತಿದ್ದನಲ್ಲವೆ?

4

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಉತ್ತರ ಮುಂಬಯಿಯ ಬಂದರಿನಿಂದ ಬಂದಿತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಮಧ್ಯಾಹ್ನ ಹೊಗೆ ಕಾಣಿಸಿತು. ಹೊತ್ತಿದ್ದುದು ಕರಾಚಿಯಲ್ಲಿ ತುಂಬಿಸಿಕೊಂಡ ಹತ್ತಿಯ ಬೇಲುಗಳು. ಹತ್ತಿಯ ಬೆಂಕಿ ಮುಂಬಯಿಯ ಬಂದರಿಗೆ ಹೊಸದಲ್ಲ. ಆದರೆ ಅದೇ ಹಡಗಿನಲ್ಲಿ ಯುದ್ಧಕ್ಕೆಂದು ತಂದ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಹೊರಗಿನಿಂದ ನೋಡಿದವರಿಗೆ ಅದು ಮಾಮೂಲು ಸರಕಿನ ಹಡಗು. ಅಗ್ನಿಶಾಮಕ ಭಟರು ಎರಡು ಗಂಟೆಗಳ ಕಾಲ ನೀರು ಸುರಿದರು. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಎರಡನೆಯ ಆಸ್ಫೋಟವಾಯಿತು. 66 ಮಂದಿ ಅಗ್ನಿಶಾಮಕ ಭಟರು ಮಡಿದರು. ಅವರ ಸ್ಮರಣೆಗಾಗಿಯೇ ಏಪ್ರಿಲ್ 14ನ್ನು ಭಾರತದಲ್ಲಿ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ.

ಆ ಪಾಠವು ಕಲಿತು ಮುಗಿದುದಲ್ಲ. 2015ರ ಮೇ 9ರಂದು ಅದೇ ಮುಂಬಯಿಯ ಕಾಲಬಾದೇವಿಯ ಹಳೆಯ ವಸತಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಕಟ್ಟಡವೇ ಕುಸಿದು, ಮುಖ್ಯ ಅಧಿಕಾರಿಯೂ ಸೇರಿ ಅಗ್ನಿಶಾಮಕ ದಳದ ನಾಲ್ವರು ಅನುಭವಿ ಅಧಿಕಾರಿಗಳನ್ನು ಬಲಿ ತೆಗೆದುಕೊಂಡಿತು. 2017ರ ಜುಲೈಯಲ್ಲಿ ಚೆನ್ನೈಯ ಕೊಡುಂಗೈಯೂರಿನಲ್ಲಿ ರಾತ್ರಿ ಬೇಕರಿಯೊಂದರ ಬೆಂಕಿಯನ್ನು ಆರಿಸಲು ಹೋದಾಗ ಒಳಗಿದ್ದ ಅಡುಗೆ ಅನಿಲದ ಸಿಲಿಂಡರು ಸಿಡಿದು ಅಗ್ನಿಶಾಮಕ ಭಟನೊಬ್ಬನು ಸತ್ತನು. ನೋಡಲು ನೆರೆದಿದ್ದವರೂ ಸೇರಿ ಹಲವರು ಸುಟ್ಟುಗಾಯಗೊಂಡರು. 2021ರ ಮಾರ್ಚ್ 8ರಂದು ಕಲಕತ್ತೆಯ ಸ್ಟ್ರ್ಯಾಂಡ್ ರಸ್ತೆಯ ರೈಲ್ವೆ ಕಚೇರಿಯ ಬೆಂಕಿಯಲ್ಲಿ 9 ಮಂದಿ ಮಡಿದರು. ಅವರಲ್ಲಿ ನಾಲ್ವರು ಅಗ್ನಿಶಾಮಕ ದಳದವರು. ಲಿಫ್ಟಿನಲ್ಲಿ ಮೇಲೇರಿದುದೇ ಅವರಿಗೆ ಮೃತ್ಯುವಾಯಿತು. ವಸತಿಗೃಹ, ಬೇಕರಿ, ಕಚೇರಿ: ಮೂರು ಹೆಸರುಗಳಲ್ಲಿ ಒಂದಾದರೂ ಭಯ ಹುಟ್ಟಿಸುವಂಥದಲ್ಲ.

5

ಈಗ ನಮ್ಮ ನಗರಕ್ಕೆ ಮರಳೋಣ.

2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿದ್ದಿತು. ಗೋದಾಮಿನಲ್ಲಿ ಇರತಕ್ಕದ್ದು ಹಳೆಯ ಕಾಗದ, ಸೀಸೆ, ತಂತಿ. ಆದರೆ ಅದರ ಮೇಲಂತಸ್ತಿನಲ್ಲಿ ಬಿಹಾರದಿಂದ ಬಂದ 12 ಮಂದಿ ಕೂಲಿಕಾರರು ಮಲಗಿದ್ದರು. ಇಳಿಯಲು ಇದ್ದುದು ಸುರುಳಿ ಮೆಟ್ಟಿಲು ಒಂದೇ. ಅದು ಬೆಂಕಿಯೊಳಕ್ಕೇ ಇಳಿಯುತ್ತಿತ್ತು. ಒಬ್ಬನು ಕಿಟಕಿಯಿಂದ ಹಾರಿ ಉಳಿದನು. 11 ಮಂದಿ ಸತ್ತರು. ವಾರಣಾವತದ ಆರು ಮಂದಿಯನ್ನು ನೆನಪಿಡಬೇಕೆಂದು ಮೇಲೆ ಕೋರಿದುದು ಇದಕ್ಕಾಗಿಯೇ.

ಅದೇ ವರ್ಷದ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಹೋಟೆಲೊಂದರಲ್ಲಿ 8 ಮಂದಿ ಅತಿಥಿಗಳು ಮಡಿದರು. ಬೆಂಕಿ ಹುಟ್ಟಿದ್ದು ಹೋಟೆಲಿನಲ್ಲಿ ಅಲ್ಲ. ಅದರ ಕೆಳಗಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ. ಬ್ಯಾಟರಿಗಳ ಹೊಗೆ ಮೆಟ್ಟಿಲ ಹಾದಿಯನ್ನೇ ಕೊಳವೆಯನ್ನಾಗಿ ಮಾಡಿಕೊಂಡು ಮೇಲೇರಿತು. 2023ರ ಜನವರಿ 19ರಂದು ಮಿನಿಸ್ಟರ್ಸ್ ರಸ್ತೆಯ ಬಟ್ಟೆ ಮತ್ತು ಕ್ರೀಡಾ ಸಾಮಗ್ರಿಗಳ ಮಳಿಗೆಯಲ್ಲಿ ಹತ್ತಿದ ಬೆಂಕಿಯೊಡನೆ ದಳದವರು ಹಲವು ಗಂಟೆಗಳು ಹೋರಾಡಿದರು. ಹೊಗೆಯಿಂದ ಅವರಲ್ಲಿಯೇ ಕೆಲವರು ಅಸ್ವಸ್ಥರಾದರು. ಒಳಗೆ ಮೇಲ್ಚಾವಣಿಗಳು ಕುಸಿದವು, ಮೂವರು ಕೆಲಸಗಾರರು ಅಲ್ಲಿಯೇ ಕಾಣೆಯಾದರು. ಮಾರ್ಚ್ 16ರ ಸಂಜೆ ಸ್ವಪ್ನಲೋಕ ಎಂಬ ವಾಣಿಜ್ಯ ಸಂಕೀರ್ಣದಲ್ಲಿ ಆರು ಮಂದಿ ತರುಣ ತರುಣಿಯರು ಹೊಗೆಯಿಂದ ಉಸಿರುಕಟ್ಟಿ ಸತ್ತರು. ನವೆಂಬರ್ 13ರಂದು ನಾಂಪಲ್ಲಿಯ ಬಜಾರಘಾಟಿನ ವಸತಿ ಕಟ್ಟಡದಲ್ಲಿ ಅಂದು 9 ಮಂದಿ ಸತ್ತರು. ವಾಹನ ನಿಲ್ಲಿಸುವ ನೆಲದ ಅಂತಸ್ತಿನಲ್ಲಿ ರಾಸಾಯನಿಕಗಳ ಪೀಪಾಯಿಗಳನ್ನು ಕೂಡಿಟ್ಟಿದ್ದರು.

ಕೊನೆಯದು 2025ರ ಮೇ 18ರದು. ಮಹಮ್ಮದ್ ಕುಲಿ ಕುತುಬ್ ಶಾಹನು 1591ರಲ್ಲಿ ನಿರ್ಮಿಸಿದ ಚಾರ್ಮಿನಾರಿನ ಉತ್ತರಕ್ಕೆ, ನಾಲ್ಕು ಕಮಾನುಗಳ ನಡುವೆ, ಗುಲ್ಜಾರ್ ಹೌಜ್ ಎಂಬ ನೀರಿನ ಕೊಳವಿದೆ. ಹೊಸ ರಾಜಧಾನಿಯ ನಟ್ಟನಡುವೆ ದೊರೆಯು ನೀರನ್ನಿಟ್ಟಿದ್ದನು. ಆ ನೀರಿನ ಪಕ್ಕದ ಮನೆಯಲ್ಲಿ, ಭಾನುವಾರದ ಮುಂಜಾವಿನಲ್ಲಿ, ಒಂದೇ ಕುಟುಂಬಕ್ಕೆ ಸೇರಿದ ಬಂಧುವರ್ಗದ 17 ಮಂದಿ ಹೊಗೆಗೂ ಬೆಂಕಿಗೂ ಬಲಿಯಾದರು. ಅವರಲ್ಲಿ 8 ಮಂದಿ ಮಕ್ಕಳು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಇಕ್ಕಟ್ಟಾದ ಒಂದೇ ದಾರಿ, ಒಂದೇ ಮೆಟ್ಟಿಲು. ಹಳೆಯ ನಗರದ ವ್ಯಾಪಾರಿಗಳ ಮನೆಗಳು ತಲೆಮಾರುಗಳಿಂದ ಹೀಗೆಯೇ ಇದ್ದವು. ಆದರೆ ಹಿಂದೆ ಅವುಗಳ ನಡುವೆ ತೆರೆದ ಅಂಗಳವಿರುತ್ತಿದ್ದಿತು, ಹೊಗೆ ಆಕಾಶಕ್ಕೆ ಹೋಗುತ್ತಿದ್ದಿತು. ಅಂಗಳಗಳು ಮುಚ್ಚಿದವು, ಕಿಟಕಿಗಳು ತಂಪುಯಂತ್ರಗಳಿಗಾಗಿ ಬಿಗಿಯಾದವು, ತಂತಿಗಳ ಮೇಲಿನ ಭಾರ ಏರಿತು. ಮನೆಯ ಹೆಸರು ಮಾತ್ರ ಮನೆಯಾಗಿಯೇ ಉಳಿಯಿತು.

6

ಹಾಗಾದರೆ ಮಾಮೂಲಿನ ಕರೆಗೆ ಹೊರಟ ದಳದ ನಾಯಕನು ಮಾಡಬೇಕಾದುದೇನು? ಫೋನಿನಲ್ಲಿ ಅವನಿಗೆ ದೊರೆಯುವುದು ಒಂದು ಹೆಸರು, ಒಂದು ವಿಳಾಸ. ಧರ್ಮರಾಯನಂತೆ ಅವನೂ ಹೆಸರನ್ನು ಬಿಟ್ಟು ಲಕ್ಷಣಗಳನ್ನು ಓದಬೇಕಾಗುತ್ತದೆ.

ಮೊದಲನೆಯ ಲಕ್ಷಣ ಹೊಗೆ. ಜ್ವಾಲೆ ಕಾಣದೆ, ಮುಚ್ಚಿದ ಷಟರಿನ ಸಂದುಗಳಿಂದ ದಟ್ಟವಾದ ಹೊಗೆಯು ಉಸಿರಾಡುವಂತೆ ಹೊರಗೆ ಒಳಗೆ ಎಳೆದಾಡುತ್ತಿದ್ದರೆ, ಬೆಂಕಿ ಸತ್ತಿಲ್ಲ, ಗಾಳಿಗಾಗಿ ಕಾಯುತ್ತಿದೆ. ಆಗ ಷಟರನ್ನು ಒಮ್ಮೆಲೇ ಎತ್ತಿದವನ ಮುಖಕ್ಕೇ ಅದು ಸಿಡಿಯುತ್ತದೆ. ನಮ್ಮ ಹಿರಿಯರು ಬೂದಿ ಮುಚ್ಚಿದ ಕೆಂಡವೆಂದುದು ಇದಕ್ಕೂ ಒಪ್ಪುವ ಮಾತು. ಎರಡನೆಯದು ಸರಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲಮಾಳಿಗೆ, ಚರಂಡಿಗಳಲ್ಲಿ ತಂಗುತ್ತದೆ. ಬೆಸುಗೆಯ ಅಂಗಡಿಯ ಕಾರ್ಬೈಡಿಗೆ ನೀರು ತಗಲಿದರೆ ಉರಿಯುವ ಅನಿಲ ಹುಟ್ಟುತ್ತದೆ. ಅಲ್ಲಿ ನೀರೇ ಶತ್ರು. ಲಿಥಿಯಂ ಬ್ಯಾಟರಿಗಳು ಆರಿದಂತೆ ಕಂಡು ಗಂಟೆಗಳ ಮೇಲೆ ಮರಳಿ ಹೊತ್ತಿಕೊಳ್ಳುತ್ತವೆ. ಲಾಡ್ ಬಜಾರಿನ ಬಳೆಗಳ ಅರಗೂ ಸುಲಭವಾಗಿ ಉರಿಯುವ ದ್ರವ್ಯವೇ. ವಾರಣಾವತ ನಮಗೆ ಅಷ್ಟು ದೂರವಿಲ್ಲ. ಮೂರನೆಯದು ಕಟ್ಟಡದ ಮೈಕಟ್ಟು. ಉಕ್ಕು ಕರಗಬೇಕಾಗಿಲ್ಲ; ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡು ಬಾಗುತ್ತದೆ. ಕಾದ ಕಲ್ಲಿನ ಚಪ್ಪಡಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ನಾಲ್ಕನೆಯದು ಕಣ್ಣಿಗೆ ಕಾಣದ ವಿಷ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡು, ಬೆಂಕಿ ಆರಿದ ಮೇಲೆ ಮುಖವಾಡ ತೆಗೆದವನಿಗಾಗಿಯೂ ಕಾದಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಪ್ರತಿಯೊಂದು ಕರೆಯಲ್ಲಿಯೂ ಅಪಾಯವನ್ನು ಶಂಕಿಸುತ್ತ ನಿಂತರೆ ಒಳಗಿನವರ ಗತಿಯೇನು, ತಡವಾದರೆ ಸಾಯುವವರು ಅವರಲ್ಲವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಚ್ಚರವೂ ಹಿಂಜರಿಕೆಯೂ ಒಂದೇ ಅಲ್ಲ. ಕಟ್ಟಡವನ್ನು ಸಾಧ್ಯವಾದಷ್ಟು ಸುತ್ತಿ ನೋಡುವುದು, ಕಾವಲುಗಾರನನ್ನು ‘ಕೆಳಗೆ ಏನಿದೆ, ಮೇಲೆ ಯಾರು ಮಲಗುತ್ತಾರೆ’ ಎಂದು ಕೇಳುವುದು, ವಿದ್ಯುತ್ತನ್ನು ಕಡಿಸುವುದು, ಹಿಂದಿರುಗುವ ದಾರಿಯನ್ನು ಗುರುತಿಸಿಕೊಳ್ಳುವುದು, ಇವೆಲ್ಲ ಕೆಲವೇ ನಿಮಿಷಗಳ ಕೆಲಸ. ಆ ಎರಡು ಪ್ರಶ್ನೆಗಳಿಂದ ಒಳಗಿನವರನ್ನು ಹುಡುಕುವ ಸ್ಥಳವೂ ತಿಳಿಯುತ್ತದೆ. ನಿಜವಾದ ತೊಡಕು ಬೇರೆಡೆ ಇದೆ. ಏನೂ ಆಗದೆ ಮುಗಿದ ನೂರು ಕರೆಗಳು ಅನುಭವಿಗೆ ಕಲಿಸುವ ಪಾಠ ತಪ್ಪು ಪಾಠ. ಅನುಭವವು ಹೆಚ್ಚಿದಷ್ಟೂ ಕೇಳುವ ಅಭ್ಯಾಸ ಕಡಮೆಯಾಗಬಾರದು. ಕಾಲಬಾದೇವಿಯಲ್ಲಿ ಮಡಿದವರು ಹೊಸಬರಲ್ಲವೆಂಬುದನ್ನು ಗೌರವದಿಂದಲೇ ಸ್ಮರಿಸಬೇಕು.

7

ಇಷ್ಟಾದರೂ ಎಚ್ಚರದ ಹೊರೆಯನ್ನೆಲ್ಲ ಅಗ್ನಿಶಾಮಕ ಭಟನ ಹೆಗಲಿಗೆ ಹೊರಿಸುವುದು ಅನ್ಯಾಯ. ಅವನು ನಸುಕಿನಲ್ಲಿ, ಹೊಗೆಯಲ್ಲಿ, ಕೆಲವು ನಿಮಿಷಗಳಲ್ಲಿ ತಿಳಿಯಬೇಕಾದುದನ್ನು ನಗರವು ಹಗಲು ಬೆಳಕಿನಲ್ಲಿ, ವರ್ಷಗಟ್ಟಲೆ ಬಿಡುವಿನಲ್ಲಿ ತಿಳಿದಿಟ್ಟಿರಬಹುದಾಗಿದ್ದಿತು. ಗೋಪನು ಮಾಡಬೇಕಾಗಿದ್ದ ಕೆಲಸ ಅದೇ. ಇಂದಿನ ಕಟ್ಟಡಗಳಿಗೆ ಪರವಾನಗಿಗಳಿವೆ, ಪತ್ರಗಳಿವೆ. ಆದರೆ ಪತ್ರದಲ್ಲಿರುವುದು ಹೆಸರು, ಕಟ್ಟಡದಲ್ಲಿರುವುದು ಬಳಕೆ. ಇವೆರಡರ ನಡುವಣ ಅಂತರವನ್ನು ಕಂಡೂ ಕಾಣದಂತೆ ಬಿಡುವುದೇ ಮೊದಲು ಹೇಳಿದ ‘ಮಾಮೂಲಿ’ನ ಎರಡನೆಯ ಅರ್ಥ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದರಲ್ಲಿ ವಿಶೇಷವಾದ ಸಂಬಂಧವಿದೆ. ಬಾಡಿಗೆಯ ಮನೆಗಳಲ್ಲಿ, ಅಂಗಡಿಗಳ ಮೇಲಣ ಕೋಣೆಗಳಲ್ಲಿ, ಊರಿನಿಂದ ಬಂದ ಹುಡುಗರಿಗೆ ಮೊದಲ ಆಶ್ರಯವಾಗುವ ಅಟ್ಟಗಳಲ್ಲಿ ನಮ್ಮವರು ಬಾಳಿದ್ದಾರೆ, ಬಾಳುತ್ತಿದ್ದಾರೆ. ಭೋಯಿಗುಡದ ಕೂಲಿಕಾರರ ಭಾಷೆ ಬೇರೆಯಾಗಿದ್ದಿತು. ಅವರ ಸ್ಥಿತಿ ನಮಗೆ ಅಪರಿಚಿತವಾದುದಲ್ಲ. ವಲಸೆ ಬಂದವನ ಹೆಸರು ಯಾವ ಲೆಕ್ಕದಲ್ಲಿಯೂ ಇರುವುದಿಲ್ಲವಾದ್ದರಿಂದ ಅವನನ್ನು ಹುಡುಕಬೇಕೆಂದು ಯಾರಿಗೂ ತೋರುವುದಿಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿನಂತಿ. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ತಾವು ಇರುವ ಕಟ್ಟಡದ ಮೆಟ್ಟಿಲುಗಳನ್ನು ಒಮ್ಮೆ ಇಳಿದು ನೋಡಬೇಕು. ಕೆಳಗೆ ಏನನ್ನು ಕೂಡಿಟ್ಟಿದ್ದಾರೆ, ಮೇಲೆ ಯಾರು ಮಲಗುತ್ತಾರೆ, ಇನ್ನೊಂದು ದಾರಿಯುಂಟೆ, ಅದರ ಬಾಗಿಲು ತೆರೆಯುತ್ತದೆಯೆ ಎಂಬುದನ್ನು ತಿಳಿದುಕೊಂಡು ಮನೆಮಂದಿಗೂ ಕಾವಲುಗಾರನಿಗೂ ತಿಳಿಸಿಟ್ಟಿರಬೇಕು. ಎಂದಾದರೂ ಒಂದು ರಾತ್ರಿ ದಳದ ನಾಯಕನು ಬಾಗಿಲಲ್ಲಿ ನಿಂತು ಕೇಳಿದಾಗ ಉತ್ತರ ಹೇಳಬಲ್ಲವನೊಬ್ಬನಿದ್ದರೆ, ಒಳಗೆ ಮಲಗಿದ್ದವರೂ ಒಳಹೊಕ್ಕವರೂ ಹೊರಗೆ ಬಂದಾರು.